ದರಪಟ್ಟಿಯಲ್ಲಿ ಬಿಟ್ಟುಹೋದ ಒಂದು ಸಾಲು

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಗೆ ಮರಳಿದಾಗ, ಇನ್ನು ಟೆಂಡರು, ದರಪಟ್ಟಿ, ತುಲನಾತ್ಮಕ ತಖ್ತೆ ಇವುಗಳ ಸಹವಾಸ ಮುಗಿಯಿತೆಂದು ಭಾವಿಸಿದ್ದೆ. ಆದರೆ ಕಳೆದ ವರ್ಷ ಮನೆಯ ಹಿಂದಿನ ಕೋಣೆಯಲ್ಲಿಯೇ ಒಂದು ಖರೀದಿ ಸಮಿತಿ ರಚನೆಯಾಯಿತು. ಅಧ್ಯಕ್ಷಿಣಿ ನನ್ನ ಪತ್ನಿ. ಸದಸ್ಯರು ಅವಳೊಡನೆ ಕೌದಿ ಹೊಲಿಯುವ ನಾಲ್ವರು ಮಹಿಳೆಯರು. ನಾನು ಸಂಬಳವಿಲ್ಲದ ಕಾರ್ಯದರ್ಶಿ. ಖರೀದಿಸಬೇಕಾಗಿದ್ದ ವಸ್ತು, ಕೌದಿಯ ಪದರಗಳನ್ನು ಒಟ್ಟಾಗಿ ಹೊಲಿಯುವ ಉದ್ದತೋಳಿನ ಯಂತ್ರ. ಇಂಗ್ಲಿಷಿನಲ್ಲಿ ಅದಕ್ಕೆ ಲಾಂಗ್‌ಆರ್ಮ್ ಎಂದು ಹೆಸರು.

ಕೌದಿಯನ್ನು ಉತ್ತರ ಕರ್ನಾಟಕದವರಿಗೆ ಪರಿಚಯಿಸಬೇಕಾಗಿಲ್ಲ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲವೂ ಒಂದರ ಮೇಲೊಂದು ಪದರಾಗಿ ಕೂಡಿ, ಮನೆಯ ಇತಿಹಾಸವೇ ಹೊದಿಕೆಯಾಗುವ ಪರಿ ಅದು. ವಿದೇಶದಲ್ಲಿರುವ ನನ್ನ ಮಗಳು ಒಂದು ತೊಟ್ಟಿಲ ಕೌದಿಯನ್ನು ಒಯ್ದದ್ದೇ ನೆಪವಾಗಿ, ಅವಳ ಪರಿಚಿತ ಕನ್ನಡ ಕುಟುಂಬಗಳಿಂದ ಬೇಡಿಕೆ ಬರತೊಡಗಿತು. ದೊಡ್ಡದೊಂದು ಕೌದಿಗೆ ಇಬ್ಬರು ಎದುರುಬದುರು ಕುಳಿತರೂ ಎಂಟು ಹತ್ತು ದಿನ ಬೇಕು. ಮೂವತ್ತು ಕೌದಿಗಳ ಬೇಡಿಕೆ ಬಂದಾಗ ಲೆಕ್ಕ ತಪ್ಪಿತು. ಆಗಲೇ ಮಗಳು ಯಂತ್ರದ ಮಾತೆತ್ತಿದ್ದು.

ನಮ್ಮ ಮನೆಗಳಲ್ಲಿರುವ ಸಾಧಾರಣ ಹೊಲಿಗೆ ಯಂತ್ರದಲ್ಲಿ ಸೂಜಿಗೂ ಬಲಬದಿಯ ಕಂಬಕ್ಕೂ ನಡುವೆ ಆರೆಂಟು ಅಂಗುಲಗಳ ಅಂತರವಿರುತ್ತದೆ. ಹಾಸಿಗೆಯಗಲದ ಕೌದಿಯನ್ನು ಸುರುಳಿ ಸುತ್ತಿ ಆ ಕಿಂಡಿಯಲ್ಲಿ ತುರುಕುವುದು ಮಲ್ಲಯುದ್ಧಕ್ಕೆ ಸಮಾನ. ಉದ್ದತೋಳಿನ ಯಂತ್ರದಲ್ಲಿ ಈ ಅಂತರ 18 ಅಂಗುಲದಿಂದ 30 ಅಂಗುಲದವರೆಗೆ ಇರಬಹುದು. ಅಷ್ಟೇ ಅಲ್ಲ, ಅಲ್ಲಿ ಕೆಲಸದ ಕ್ರಮವೇ ತಲೆಕೆಳಗಾಗುತ್ತದೆ. ಬಟ್ಟೆಯನ್ನು ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿನ ಉರುಳೆಗಳಿಗೆ ಬಿಗಿದು, ಗಾಲಿಗಳ ಮೇಲೆ ಚಲಿಸುವ ಯಂತ್ರವನ್ನೇ ಬಟ್ಟೆಯ ಮೇಲೆ ಓಡಿಸುತ್ತಾರೆ. ಕೈ ವೇಗವಾಗಿ ಚಲಿಸಲಿ, ನಿಧಾನವಾಗಿ ಚಲಿಸಲಿ, ಹೊಲಿಗೆಯ ಅಳತೆ ಒಂದೇ ಸಮವಾಗಿರುವಂತೆ ನೋಡಿಕೊಳ್ಳುವ ನಿಯಂತ್ರಕವೂ ಇರುತ್ತದೆ. ಅಮೆರಿಕದ ಮಿಸೌರಿಯ ಗ್ಯಾಮಿಲ್, ಅಯೋವಾದ ಎಪಿಕ್ಯೂಎಸ್, ಯೂಟಾದ ಹ್ಯಾಂಡಿ ಕ್ವಿಲ್ಟರ್, ಸ್ವಿಟ್ಜರ್ಲೆಂಡಿನ ಬರ್ನಿನಾ ಈ ಕ್ಷೇತ್ರದ ಹೆಸರಾಂತ ತಯಾರಕರು. ಬೆಲೆ ಕೆಲವು ಸಾವಿರ ಡಾಲರುಗಳಿಂದ ಆರಂಭವಾಗಿ, ಗಣಕಚಾಲಿತ ಮಾದರಿಗಳಲ್ಲಿ ಒಂದು ಒಳ್ಳೆಯ ಕಾರಿನ ಬೆಲೆಯನ್ನೂ ಮೀರುತ್ತದೆ.

ನಾನು ಪ್ರಚಾರಕ್ಕೆ ಬರೆಯುತ್ತಿಲ್ಲವಾದ್ದರಿಂದ, ನಮ್ಮ ಅಂತಿಮ ಪಟ್ಟಿಗೆ ಬಂದ ಯಂತ್ರಗಳನ್ನು ಒಂದು, ಎರಡು, ಮೂರು ಎಂದಷ್ಟೇ ಕರೆಯುತ್ತೇನೆ. ಹಳೆಯ ಅಭ್ಯಾಸದಂತೆ ತಖ್ತೆಯನ್ನು ಸಿದ್ಧಪಡಿಸಿದೆ. ತೋಳಿನ ಉದ್ದ, ನಿಮಿಷಕ್ಕೆ ಹೊಲಿಗೆಗಳ ಸಂಖ್ಯೆ, ನಿಯಂತ್ರಕದ ಗುಣಮಟ್ಟ, ಬೆಲೆ, ಆಮದು ಸುಂಕ, ಖಾತರಿ ಅವಧಿ, ಬಿಡಿಭಾಗಗಳ ಲಭ್ಯತೆ ಹೀಗೆ ಹನ್ನೆರಡು ಸಾಲುಗಳು. ಅಮೆರಿಕದ 120 ವೋಲ್ಟ್, 60 ಹರ್ಟ್ಸ್‌ನ ಯಂತ್ರ ನಮ್ಮ 230 ವೋಲ್ಟ್, 50 ಹರ್ಟ್ಸ್‌ನ ವಿದ್ಯುತ್ತಿಗೆ ಹೊಂದುವುದೇ ಎಂಬುದಕ್ಕೂ ಪ್ರತ್ಯೇಕ ಅಂಕಗಳು. ಒಂದನೆಯದಕ್ಕೆ 78, ಎರಡನೆಯದಕ್ಕೆ 74, ಮೂರನೆಯದಕ್ಕೆ 61 ಅಂಕ ಬಂದವು. ಕಾರ್ಯದರ್ಶಿಯಾಗಿ ಒಂದನೆಯದನ್ನು ಶಿಫಾರಸು ಮಾಡಿದೆ.

ಪತ್ನಿ ಒಂದೇ ಪ್ರಶ್ನೆ ಕೇಳಿದಳು: ‘ಕೆಟ್ಟರ ರಿಪೇರಿಗೆ ಯಾರು ಬರತಾರ?’ ಬರಬೇಕಾದವನು ಸಾವಿರಾರು ಮೈಲಿ ದೂರದಲ್ಲಿದ್ದ. ಎರಡನೆಯದರ ಮಾರಾಟಗಾರ ತಮಿಳುನಾಡಿನ ಒಂದು ಜವಳಿ ನಗರದಲ್ಲಿದ್ದ. ದುರಸ್ತಿ ಸೇವೆಯ ತೂಕವನ್ನು ಹೆಚ್ಚಿಸಿದೆ, ಎರಡನೆಯದು ಗೆದ್ದಿತು. ಮರುದಿನ ಬಾಳಿಕೆಯ ತೂಕವನ್ನು ಹೆಚ್ಚಿಸಿದೆ. ಒಂದನೆಯದು ಮತ್ತೆ ಮೇಲೆ ಬಂದಿತು. ತೂಕಗಳನ್ನು ನಿರ್ಧರಿಸುತ್ತಿದ್ದವನು ನಾನೇ ಆದ್ದರಿಂದ, ಅಂಕಗಳು ನನ್ನ ಮನಸ್ಸಿನ ಓಲಾಟವನ್ನೇ ದಶಾಂಶಗಳಲ್ಲಿ ತೋರಿಸುತ್ತಿದ್ದವು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಗ ಹರ್ಬರ್ಟ್ ಸೈಮನ್ ಅವರ ವಿಚಾರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರು, ಮನುಷ್ಯನು ಸರ್ವೋತ್ತಮವಾದುದನ್ನು ಹುಡುಕುವುದಿಲ್ಲ, ತನಗೆ ಸಾಕಾಗುವಷ್ಟು ಉತ್ತಮವಾದುದು ಸಿಕ್ಕಾಗ ಹುಡುಕಾಟ ನಿಲ್ಲಿಸುತ್ತಾನೆ ಎಂದು ವಾದಿಸಿದವರು. ಬಾಯಿಪಾಠ ಮಾಡಿದ್ದು ಬದುಕಿನಲ್ಲಿ ನೆರವಿಗೆ ಬರಲಿಲ್ಲ. ಕೂಡಿಟ್ಟ ಹಣವೆಲ್ಲ ಒಂದೇ ವಸ್ತುವಿಗೆ ಹೋಗುವಾಗ ‘ಸಾಕು’ ಎಂಬ ರೇಖೆಯನ್ನು ಎಲ್ಲಿ ಎಳೆಯಬೇಕೆಂಬುದೇ ತಿಳಿಯುವುದಿಲ್ಲ. ಕೊನೆಗೆ ಎರಡನೆಯದನ್ನೇ ಆರಿಸಿ, ಮುಂಗಡ ಕಳಿಸುವ ದಿನವನ್ನೂ ಗೊತ್ತುಮಾಡಿದೆವು.

ಅದರ ಹಿಂದಿನ ದಿನ, ನಮ್ಮ ಗುಂಪಿನಲ್ಲಿ ಹಿರಿಯಳಾದ, ಕಣ್ಣುಮುಚ್ಚಿದರೂ ಸಾಲು ತಪ್ಪದಂತೆ ಎಳೆ ಹಾಕಬಲ್ಲ ಹೆಣ್ಣುಮಗಳು ಯಂತ್ರದ ಚಿತ್ರವನ್ನು ಬಹಳ ಹೊತ್ತು ನೋಡಿದಳು. ನಂತರ ಕೇಳಿದಳು: ‘ಸಾಹೇಬ್ರ, ಇದನ್ನ ಕುಂತು ಹೊಲಿಬೇಕೋ, ನಿಂತು ಹೊಲಿಬೇಕೋ?’

ನಿಂತು. ಚೌಕಟ್ಟಿನ ಯಂತ್ರವನ್ನು ನಿಂತುಕೊಂಡು, ಆ ತುದಿಯಿಂದ ಈ ತುದಿಗೆ ನಡೆಯುತ್ತ ಓಡಿಸಬೇಕು. ಆಕೆಯ ಮೊಣಕಾಲು ಎರಡು ವರ್ಷಗಳಿಂದ ನೋಯುತ್ತಿದೆ. ಹನ್ನೆರಡು ಸಾಲುಗಳ ನನ್ನ ತಖ್ತೆಯಲ್ಲಿ ಈ ಸಾಲು ಇರಲಿಲ್ಲ. ಆಕೆ ಮುಂದುವರಿದು, ‘ಹಂಗಾದ್ರ ನಾ ಏನ ಮಾಡ್ಲಿ?’ ಎಂದಳು. ಅದರಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ, ಬರೀ ವಿಚಾರಣೆಯಿತ್ತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬಾರದಿದ್ದುದಕ್ಕೆ ಹಳೆಯ ಕಾರಣವೊಂದಿತ್ತು. ಇಪ್ಪತ್ತು ವರ್ಷಗಳಿಗೂ ಹಿಂದೆ, ಒಂದು ಜಿಲ್ಲೆಯಲ್ಲಿ ಬಡ ಮಹಿಳೆಯರಿಗೆ ಹೊಲಿಗೆ ಯಂತ್ರ ಹಂಚುವ ಯೋಜನೆಯ ಖರೀದಿ ಸಮಿತಿಯಲ್ಲಿ ನಾನೂ ಸದಸ್ಯನಾಗಿದ್ದೆ. ತಾಂತ್ರಿಕ ಅರ್ಹತೆ ಪಡೆದವರಲ್ಲಿ ಅತ್ಯಂತ ಕಡಿಮೆ ದರ ನಮೂದಿಸಿದವರಿಗೆ ಆದೇಶ ನೀಡಿದೆವು. ನಿಯಮದಲ್ಲಿ ಲೋಪವಿರಲಿಲ್ಲ, ಲೆಕ್ಕ ತಪಾಸಣೆಯಲ್ಲಿ ಒಂದೂ ಆಕ್ಷೇಪಣೆ ಬರಲಿಲ್ಲ. ಎರಡು ವರ್ಷಗಳ ನಂತರ ಬೇರೊಂದು ಕೆಲಸಕ್ಕಾಗಿ ಆ ಊರುಗಳಲ್ಲೊಂದಕ್ಕೆ ಹೋದಾಗ, ಒಂದು ಮನೆಯಲ್ಲಿ ಯಂತ್ರದ ಮೇಲೆ ಜೋಳದ ಚೀಲ ಇಟ್ಟಿದ್ದರು. ಇನ್ನೊಂದು ಮನೆಯಲ್ಲಿ ಅದರ ಮೇಲೆ ಮಡಿಚಿದ ಕೌದಿಗಳಿದ್ದವು. ಬಾಬಿನ್ ಕೇಸು ಮುರಿದಿತ್ತು. ಆ ಅಳತೆಯದು ತಾಲ್ಲೂಕಿನ ಯಾವ ಅಂಗಡಿಯಲ್ಲಿಯೂ ಸಿಗುತ್ತಿರಲಿಲ್ಲ. ‘ನಮ್ಮನ್ನ ಕೇಳಿದ್ರ ಬ್ಯಾರೇ ಮಷಿನ್ ಹೇಳತಿದ್ವಿ’ ಎಂದು ಆ ಮನೆಯಾಕೆ ನಗುತ್ತಲೇ ಹೇಳಿದಳು. ನಾವು ಕೇಳಿರಲಿಲ್ಲ. ಕೇಳಬೇಕೆಂಬ ನಿಯಮ ಇರಲಿಲ್ಲ. ಆ ನಗೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈಗ ಅದೇ ತಪ್ಪನ್ನು, ಅದೂ ನನ್ನ ಮನೆಯ ಹಣದಲ್ಲಿ, ಎರಡನೆಯ ಸಲ ಮಾಡಲು ಹೊರಟಿದ್ದೆ.

ಹೊಲಿಗೆ ಯಂತ್ರದ ಬಗ್ಗೆ ನಮ್ಮ ದೇಶದಲ್ಲಿ ನಡೆದ ಪ್ರಸಿದ್ಧ ಚರ್ಚೆಯೆಂದರೆ 1924ರಲ್ಲಿ ಗಾಂಧೀಜಿ ಮತ್ತು ರಾಮಚಂದ್ರನ್ ಎಂಬ ಶಾಂತಿನಿಕೇತನದ ವಿದ್ಯಾರ್ಥಿಯ ನಡುವಿನ ಸಂವಾದ. ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿ, ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದರು. ಹೆಂಡತಿಯ ದುಡಿಮೆಯ ಕಷ್ಟವನ್ನು ನೋಡಲಾರದ ಪ್ರೀತಿಯಿಂದ ಆ ಯಂತ್ರ ಹುಟ್ಟಿತೆಂಬುದು ಅವರ ನಂಬಿಕೆ. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಅವರ ಜೀವನಚರಿತ್ರೆ ಅಷ್ಟು ಮಧುರವಾಗಿರಲಿಲ್ಲವೆಂಬುದು ಬೇರೆ ಮಾತು. ಆದರೆ ಗಾಂಧೀಜಿ ಹಾಕಿದ ಒರೆಗಲ್ಲು ಸರಿಯಾಗಿಯೇ ಇದೆ: ಯಂತ್ರ ಯಾರ ಶ್ರಮವನ್ನು ಇಳಿಸುತ್ತದೆ, ಮತ್ತು ಹಾಗೆ ಇಳಿಸುವಾಗ ಆ ವ್ಯಕ್ತಿಯನ್ನೇ ಹೊರಗಿಡುತ್ತದೆಯೇ?

ಇದೇ ಪ್ರಶ್ನೆಯನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಅಮರ್ತ್ಯ ಸೇನ್ 1960ರಲ್ಲಿ ಪ್ರಕಟವಾದ ‘ಚಾಯ್ಸ್ ಆಫ್ ಟೆಕ್ನಿಕ್ಸ್’ ಗ್ರಂಥದಲ್ಲಿ ಚರ್ಚಿಸಿದರು. ಯಾವ ತಂತ್ರ ಮೇಲು ಎಂಬುದಕ್ಕೆ ಗುರಿಯನ್ನು ಹೇಳದೆ ಉತ್ತರವಿಲ್ಲವೆಂಬ ಪಾಠವನ್ನು ನಾನು ಅದರಿಂದ ಕಲಿತಿದ್ದೆ. ಇಂದಿನ ಉದ್ಯೋಗ ಮುಖ್ಯವಾದರೆ ಒಂದು ಉತ್ತರ, ನಾಳೆಯ ಬೆಳವಣಿಗೆಗೆ ಮಿಗಿಸುವ ಆದಾಯ ಮುಖ್ಯವಾದರೆ ಇನ್ನೊಂದು. ನಮ್ಮ ಹಿಂದಿನ ಕೋಣೆಯಲ್ಲಿ ಆ ಗುರಿಯನ್ನು ಯಾರೂ ಹೇಳಿಯೇ ಇರಲಿಲ್ಲ. ನಾವು ಬ್ರಾಂಡುಗಳ ನಡುವೆ ಆರಿಸುತ್ತಿದ್ದೆವು. ಆರಿಸಬೇಕಾಗಿದ್ದುದು ಕೆಲಸದ ಕ್ರಮಗಳ ನಡುವೆ.

ಹುಬ್ಬಳ್ಳಿಯವರಿಗೆ ಈ ಪ್ರಶ್ನೆ ಹೊಸದೇನಲ್ಲ. ನಮ್ಮ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ದೇಶಕ್ಕೆಲ್ಲ ಖಾದಿಯ ರಾಷ್ಟ್ರಧ್ವಜ ಒದಗಿಸಿ ಹೆಸರಾದ ಸಂಸ್ಥೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಮತ್ತು ಯಂತ್ರನಿರ್ಮಿತ ಧ್ವಜಗಳಿಗೂ ಅನುಮತಿ ನೀಡಿದಾಗ ಇಲ್ಲಿನ ಖಾದಿ ಕೆಲಸಗಾರರು ಪ್ರತಿಭಟಿಸಿದರು. ಮನೆಮನೆಗೂ ಅಗ್ಗದ ಧ್ವಜ ಎಂಬುದು ಒಂದು ಗುರಿ. ನೂಲುವ ಕೈಗೆ ಕೆಲಸ ಎಂಬುದು ಇನ್ನೊಂದು. ಗುರಿ ಬದಲಾದೊಡನೆ ಸರಿಯಾದ ಯಂತ್ರವೂ ಬದಲಾಗುತ್ತದೆ. ಅದರ ಬೆಲೆಯನ್ನು ಯಾರೋ ತೆರುತ್ತಾರೆ.

ಹಾಗೆಂದು ಕೈಹೊಲಿಗೆಯೇ ಶ್ರೇಷ್ಠವೆಂದು ಘೋಷಿಸಿ ಯಂತ್ರವನ್ನು ಬಿಟ್ಟುಬಿಡುವುದು ನನ್ನಂತಹ ಆರಾಮಕುರ್ಚಿಯವನಿಗೆ ಸುಲಭ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. ಅಂಚಿನಿಂದ ಆರಂಭಿಸಿ ನಡುವಿನತ್ತ ಸಾಗುವ ಆ ಹೊಲಿಗೆ, ಮೂಲೆಗಳಲ್ಲಿ ಮಡಿಚಿ ಕೂರಿಸುವ ತ್ರಿಕೋನದ ‘ಹೂವು’ ಇವನ್ನು ಯಾವ ಯಂತ್ರವೂ ಅನುಕರಿಸಲಾರದು. ಆದರೆ ನಮ್ಮ ಹಿರಿಯಾಕೆಯ ಸೊಸೆ ನನಗೆ ನೇರವಾಗಿಯೇ ಹೇಳಿದಳು: ‘ಅತ್ತಿ ಕಣ್ಣು ಹೋಗೂತನಕ ಹೊಲದಾಳ್ರಿ. ನಂಗ ಮಷಿನ್ ಕಲಸ್ರಿ.’ ಕಲೆಯನ್ನು ಉಳಿಸುವ ಹೊಣೆಯನ್ನು ಬಡವರ ಕಣ್ಣು, ಬೆರಳುಗಳ ಮೇಲೆ ಮಾತ್ರ ಹೊರಿಸಲು ನಮಗೆ ಹಕ್ಕಿಲ್ಲ.

ಆದ್ದರಿಂದ ಮುಂಗಡ ಕಳಿಸುವುದನ್ನು ತಡೆಹಿಡಿದು, ಆ ಹಣದಲ್ಲಿ ಒಂದಿಷ್ಟನ್ನು ರೈಲು ಟಿಕೀಟಿಗೆ ಖರ್ಚು ಮಾಡಿ, ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡು ಮಾರಾಟಗಾರನ ಮಳಿಗೆಗೆ ಹೋದೆವು. ನಮ್ಮ ಹಳೆಯ ಸೀರೆಗಳ ಐದು ಪದರದ ತುಂಡೊಂದನ್ನೂ ಒಯ್ದಿದ್ದೆವು. ಮಳಿಗೆಯವರು ತೋರಿಸುವ ಹೊಸ ಬಟ್ಟೆಯ ಮೇಲೆ ಯಾವ ಯಂತ್ರವಾದರೂ ಚೆನ್ನಾಗಿಯೇ ಓಡುತ್ತದೆ. ಸವೆದ ಸೀರೆಯ ಪದರ ಒಂದು ಕಡೆ ಜಗ್ಗುತ್ತದೆ, ಇನ್ನೊಂದು ಕಡೆ ಸುಕ್ಕಾಗುತ್ತದೆ. ಚೌಕಟ್ಟಿನಲ್ಲಿ ಬಿಗಿದಾಗ ನಮ್ಮ ತುಂಡಿನ ಹಳೆಯ ಅಂಚು ಸೀಳಿಯೇ ಹೋಯಿತು. ನಮ್ಮ ಎರಡನೆಯ ಆಯ್ಕೆ ಅಲ್ಲಿಗೆ ಮುಗಿಯಿತು.

ಮಳಿಗೆಯ ಮೂಲೆಯಲ್ಲಿ ಮೂರನೆಯದು ನಿಂತಿತ್ತು. 61 ಅಂಕದ, ನಾನು ಪರಿಗಣನೆಯಿಂದಲೇ ಕೈಬಿಟ್ಟಿದ್ದ ಯಂತ್ರ. ಅದಕ್ಕೆ ಚೌಕಟ್ಟಿಲ್ಲ, ಗಾಲಿಗಳಿಲ್ಲ. ಮೇಜಿಗೆ ಕೂರಿಸಿದ, ತೋಳು ತುಸು ಗಿಡ್ಡದಾದ ಮಾದರಿ. ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳಿಂದ ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸಬೇಕು. ಹಿರಿಯಾಕೆ ಕುಳಿತಳು. ಮೊದಲ ಸಾಲು ಹಾವಿನಂತೆ ಓಡಿತು. ನಾಲ್ಕನೆಯ ಸಾಲು ನೇರವಾಯಿತು. ‘ಇದು ಕೈ ಕೇಳತೈತಿ’ ಎಂದಳು. ನನ್ನ ಹನ್ನೆರಡು ಸಾಲುಗಳ ಅಧ್ಯಯನ ಹತ್ತು ನಿಮಿಷದಲ್ಲಿ ಇತ್ಯರ್ಥವಾಯಿತು. ಮನೆಗೆ ಮರಳಿ ಟೇಪು ಹಿಡಿದಾಗ ತಿಳಿದದ್ದು, ನಮ್ಮ ಹಿಂದಿನ ಕೋಣೆ 11 ಅಡಿ ಉದ್ದವಿದೆ ಎಂದು. 12 ಅಡಿಯ ಚೌಕಟ್ಟು ಬಂದಿದ್ದರೆ ಗೋಡೆ ಒಡೆಯಬೇಕಾಗುತ್ತಿತ್ತು.

ಯಂತ್ರ ಬಂದು ಎಂಟು ತಿಂಗಳಾಯಿತು. ಎಲ್ಲವೂ ಸುಗಮವೆಂದು ಹೇಳಲಾರೆ. ಮೂರನೆಯ ತಿಂಗಳಲ್ಲಿ ಕೆಟ್ಟು, ಬಿಡಿಭಾಗ ಬರುವವರೆಗೆ ಇಪ್ಪತ್ತು ದಿನ ಸುಮ್ಮನೆ ನಿಂತಿತು. ಆಗ ಒಂದನೆಯದನ್ನೇ ಕೊಳ್ಳಬೇಕಿತ್ತೇ ಎಂಬ ಹಳೆಯ ಹುಳು ಮತ್ತೆ ತಲೆಯೊಳಗೆ ಕೊರೆಯಿತು. ಆಯ್ಕೆಯ ನಂತರದ ಅನುಮಾನ ಬಹುಶಃ ಆಯ್ಕೆಯ ಬೆಲೆಯಲ್ಲಿಯೇ ಸೇರಿರುತ್ತದೆ; ಅದಕ್ಕೆ ಖಾತರಿ ಅವಧಿಯಿಲ್ಲ. ಈಗ ಸೊಸೆ ಯಂತ್ರದಲ್ಲಿ ನಡುಭಾಗ ಹೊಲಿಯುತ್ತಾಳೆ. ಅಂಚು ಮತ್ತು ಮೂಲೆಗಳು ಅತ್ತೆಯ ಕೈಯವು. ಪೂರ್ತಿ ಕೈಹೊಲಿಗೆಯ ಕೌದಿ ಬೇಕೆನ್ನುವವರಿಗೆ ಅದರ ದರವೇ ಬೇರೆ, ಕಾಯುವ ಅವಧಿಯೇ ಬೇರೆ. ಯಂತ್ರದ್ದನ್ನು ಕೈಯದೆಂದು ಹೇಳಿ ನಾವು ಮಾರುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳೂ ಸೇರಿದ್ದಾರೆ. ಉಪಕರಣಗಳಿಗೆಂದು 15,000 ರೂಪಾಯಿಗಳವರೆಗಿನ ನೆರವನ್ನು ವೋಚರ್ ರೂಪದಲ್ಲಿ ನೀಡುವ ಏರ್ಪಾಡಿದೆ. ಇಂತಹ ಯೋಜನೆಗಳನ್ನು ಜಾರಿಗೊಳಿಸುವ ಕಿರಿಯ ಅಧಿಕಾರಿಗಳಿಗೆ ನನ್ನದೊಂದು ವಿನಂತಿ. ದರಪಟ್ಟಿ ಕರೆಯಿರಿ, ನಿಯಮ ಪಾಲಿಸಿರಿ. ಆದರೆ ಸಹಿ ಹಾಕುವ ಮುನ್ನ, ಯಂತ್ರವನ್ನು ಬಳಸುವಾಕೆಯನ್ನು ಒಮ್ಮೆ ಅದರ ಮುಂದೆ ಕೂಡಿಸಿ, ಅವಳದೇ ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿಯಲು ಬಿಡಿರಿ. ತಖ್ತೆಯಲ್ಲಿ ಆ ಹದಿಮೂರನೆಯ ಸಾಲಿಗೆ ಜಾಗ ಮಾಡಲು ನನಗೆ ಇಡೀ ಸೇವಾವಧಿ ಸಾಲಲಿಲ್ಲ.