ಮಗುವಿನ ಮೈತೂಕ ಮತ್ತು ವಿಶ್ವವಿದ್ಯಾಲಯದ ಹೊಣೆ

ಮೈಕೈ ತುಂಬಿಕೊಂಡ ಮಗುವನ್ನು ಕಂಡರೆ ನಮ್ಮ ಮನೆಗಳ ಹಿರಿಯರು ಮೊದಲು ಮಾಡುವ ಕೆಲಸ ದೃಷ್ಟಿ ತೆಗೆಯುವುದು. ಬರಗಾಲವನ್ನು ಕಂಡುಂಡ ತಲೆಮಾರಿಗೆ ಮಗುವಿನ ತುಂಬಿದ ಕೆನ್ನೆಯೇ ಮನೆಯ ಸುಭಿಕ್ಷದ ಗುರುತಾಗಿತ್ತು. ಆ ಭಾವನೆಯನ್ನು ಹಳಿಯಲಾಗದು. ಆದರೆ ಕಾಲ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದವರ ಪೈಕಿ 39 ಕೋಟಿಗೂ ಹೆಚ್ಚು ಮಂದಿ ಅಧಿಕ ತೂಕದವರು. ಅವರಲ್ಲಿ 16 ಕೋಟಿ ಮಂದಿಗೆ ಬೊಜ್ಜು. 1990ರಲ್ಲಿ ಈ ವಯೋಮಾನದಲ್ಲಿ ಶೇಕಡ 8ರಷ್ಟಿದ್ದ ಅಧಿಕ ತೂಕವು ಶೇಕಡ 20ಕ್ಕೆ ಏರಿದೆ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಇದರ ಪ್ರಮಾಣ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡ 2.1 ಇದ್ದುದು, 2019-21ರ ಸಮೀಕ್ಷೆಯಲ್ಲಿ 3.4 ಆಯಿತು. ಅಂಕಿ ಚಿಕ್ಕದು. ಆದರೆ ಅಪೌಷ್ಟಿಕತೆ ಇನ್ನೂ ತೊಲಗದ ನಾಡಿನಲ್ಲಿ, ಸೊರಗಿದ ಮಗುವೂ ಸ್ಥೂಲಕಾಯದ ಮಗುವೂ ಒಂದೇ ಓಣಿಯಲ್ಲಿ ಬೆಳೆಯುತ್ತಿವೆ.

ಬಾಲ್ಯದ ಬೊಜ್ಜು ದೊಡ್ಡವರಾದಂತೆ ತಾನಾಗಿ ಕರಗುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ಹುಸಿ. ಅದು ಪ್ರೌಢಾವಸ್ಥೆಯವರೆಗೂ ಹಿಂಬಾಲಿಸುವ ಸಂಭವವೇ ಹೆಚ್ಚು. ಮಧ್ಯವಯಸ್ಕರ ವ್ಯಾಧಿಗಳೆಂದು ತಿಳಿದಿದ್ದ ಎರಡನೆಯ ಬಗೆಯ ಮಧುಮೇಹ, ಯಕೃತ್ತಿನಲ್ಲಿ ಕೊಬ್ಬು ತುಂಬುವಿಕೆ, ರಕ್ತದೊತ್ತಡಗಳು ಇಂದು ಹದಿಹರೆಯದಲ್ಲೇ ಕಾಣುತ್ತಿವೆ. ಸಹಪಾಠಿಗಳ ಗೇಲಿಯಿಂದಾಗುವ ಗಾಯವನ್ನು ಯಾವ ತಕ್ಕಡಿಯೂ ತೂಗಲಾರದು.

ಇಂತಹ ಮಗುವನ್ನು ಕಂಡೊಡನೆ ನಾವು ದೂರುವುದು ತಾಯಿಯನ್ನು, ಇಲ್ಲವೆ ಮಗುವಿನ ನಾಲಗೆಯನ್ನು. ಶಾಲೆಯ ಬಾಗಿಲಲ್ಲೇ ಕುರುಕಲು ಪೊಟ್ಟಣಗಳ ತೋರಣವಿದ್ದು, ಆಡಲು ಬಯಲಿಲ್ಲದೆ, ರಸ್ತೆ ದಾಟಲು ಜೀವಭಯವಿರುವ ಊರಿನಲ್ಲಿ ಒಂದು ಮನೆಯ ಸಂಕಲ್ಪ ಎಷ್ಟು ದಿನ ನಿಂತೀತು? ಊರೇ ಬದಲಾದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದ ಒಂದು ವಿಶ್ವವಿದ್ಯಾಲಯದ ಕಥೆ ಇಲ್ಲಿ ಪ್ರಸ್ತುತ.

ಅಮೆರಿಕದ ಬಾಸ್ಟನ್ ನಗರಕ್ಕೆ ಹೊಂದಿಕೊಂಡಿರುವ ಸಾಮರ್‌ವಿಲ್ ಇಕ್ಕಟ್ಟಾದ ಊರು. ವಲಸೆ ಬಂದ ದುಡಿಯುವ ಕುಟುಂಬಗಳೂ ಅಲ್ಲಿ ಹೇರಳ. ಟಫ್ಟ್ಸ್ ವಿಶ್ವವಿದ್ಯಾಲಯದ ಆವರಣ ಈ ಊರಿನ ಗಡಿಯಲ್ಲೇ ಇದೆ. ಅಲ್ಲಿಯ ಪೋಷಣಾವಿಜ್ಞಾನಿ ಕ್ರಿಸ್ಟಿನಾ ಇಕನೊಮೊಸ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ‘ಶೇಪ್ ಅಪ್ ಸಾಮರ್‌ವಿಲ್’ ಎಂಬ ಕಾರ್ಯವನ್ನು ಕೈಗೊಂಡರು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಅವರ ಲಕ್ಷ್ಯ. ಅವರು ಯಾವ ಮಗುವಿಗೂ ಪಥ್ಯ ವಿಧಿಸಲಿಲ್ಲ, ದಪ್ಪ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಲಿಲ್ಲ. ಶಾಲೆಯ ಊಟದಲ್ಲಿ ಹಣ್ಣು, ತರಕಾರಿ, ಇಡಿಧಾನ್ಯಗಳು ಹೆಚ್ಚಿದವು. ನಡೆದು ಬರುವ ಮಕ್ಕಳಿಗಾಗಿ ಸುರಕ್ಷಿತ ದಾರಿಗಳನ್ನು ಗುರುತಿಸಲಾಯಿತು. ಊರಿನ ಉಪಾಹಾರಗೃಹಗಳು ಚಿಕ್ಕ ಪ್ರಮಾಣದ ಬಡಿಕೆಗೂ ಹಣ್ಣು ತರಕಾರಿಗಳಿಗೂ ಒಪ್ಪಿದವು. ಶಾಲಾ ದಾದಿಯರಿಗೆ ತರಬೇತಿ ದೊರೆಯಿತು. ತಂದೆತಾಯಂದಿರಿಗೆ ತಿಳಿವಳಿಕೆಯ ಹಾಳೆಗಳು ಅವರವರ ಮನೆಮಾತಿನಲ್ಲೇ ಹೋದವು. ನಗರಾಡಳಿತ, ಶಾಲೆ, ಅಂಗಡಿ, ಪೋಷಕರು ಎಲ್ಲರೂ ಯೋಜನೆಯ ಪಾಲುದಾರರಾಗಿದ್ದರು.

2007ರಲ್ಲಿ ಪ್ರಕಟವಾದ ಮೊದಲ ವರ್ಷದ ಫಲಿತಾಂಶ ಮೇಲ್ನೋಟಕ್ಕೆ ನಿರಾಶೆ ತರುವಂತಹುದು. ಇದೇ ಬಗೆಯ ಬೇರೆ ಎರಡು ಊರುಗಳ ಮಕ್ಕಳಿಗೆ ಹೋಲಿಸಿದರೆ, ಎಂಟು ವರ್ಷದ ಮಗುವೊಂದರಲ್ಲಿ ಏರುವ ತೂಕ ಸುಮಾರು ಒಂದು ಪೌಂಡಿನಷ್ಟು, ಅಂದರೆ ಅರ್ಧ ಕಿಲೋಗೂ ತುಸು ಕಡಿಮೆ, ತಗ್ಗಿತ್ತು. ಇಷ್ಟೇ ಏನು ಎನಿಸಬಹುದು. ಆದರೆ ಬೆಳೆಯುವ ಮಗುವಿಗೆ ಸಾಮಾನ್ಯವಾಗಿ ತೂಕ ಇಳಿಸುವ ಅಗತ್ಯವಿಲ್ಲ. ಎತ್ತರ ಏರುತ್ತಿರುವಾಗ ತೂಕದ ಓಟವನ್ನು ತಡೆದರೆ ಬಹಳಷ್ಟು ಸಾಧಿಸಿದಂತೆ. ಅದೂ ಉಪವಾಸವಿಲ್ಲದೆ, ಅವಮಾನವಿಲ್ಲದೆ, ಊರಿನ ಇಡೀ ಎಳೆಯ ಪೀಳಿಗೆಗೆ ದಕ್ಕಿದ ಲಾಭ. ವಿಶ್ವವಿದ್ಯಾಲಯವು ತನ್ನ ಪ್ರಯೋಗಾಲಯದೊಳಗೆ ಕುಳಿತು ಇದನ್ನು ಸಾಧಿಸುವಂತಿರಲಿಲ್ಲ.

ವಿದ್ಯೆಯನ್ನು ಜನರ ಬಾಗಿಲಿಗೆ ಒಯ್ಯುವುದು ವಿಶ್ವವಿದ್ಯಾಲಯದ ಧರ್ಮವೆಂಬ ಕಲ್ಪನೆ ಆ ದೇಶದಲ್ಲಿ ಹಳೆಯದು. 1862ರ ಮೊರಿಲ್ ಕಾಯಿದೆಯಿಂದ ಭೂದಾನಿತ ಕಾಲೇಜುಗಳು ಹುಟ್ಟಿದವು. 1914ರ ಸ್ಮಿತ್-ಲೀವರ್ ಕಾಯಿದೆ ರೈತರಿಗೂ ಗೃಹಿಣಿಯರಿಗೂ ಅರಿವನ್ನು ತಲುಪಿಸುವ ವಿಸ್ತರಣಾ ಸೇವೆಗೆ ನೆಲೆಯೊದಗಿಸಿತು. ಟಫ್ಟ್ಸ್ ಖಾಸಗಿ ಸಂಸ್ಥೆ, ಆ ಸಾಲಿನದಲ್ಲ. ಹಾಗಿದ್ದೂ ಅದು ನೆರೆಯೂರಿನ ಹೊಣೆಯನ್ನು ಹೊತ್ತಿತು. ಆ ಭೂದಾನಿತ ಕಾಲೇಜುಗಳ ಮಾದರಿಯಲ್ಲೇ ಸ್ವತಂತ್ರ ಭಾರತದ ಕೃಷಿ ವಿಶ್ವವಿದ್ಯಾಲಯಗಳು ರೂಪುಗೊಂಡವು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕರ್ತವ್ಯಗಳು ಬೆಂಗಳೂರು, ಧಾರವಾಡಗಳ ಕೃಷಿ ವಿಶ್ವವಿದ್ಯಾಲಯಗಳಿಗೂ ಬಂದವು. ಸುಧಾರಿತ ರಾಗಿಯ ತಳಿ ಹೊಲಕ್ಕೆ ತಲುಪಿದ್ದು ಈ ಮೂರನೆಯ ಕರ್ತವ್ಯದ ಬಲದಿಂದ. ಹೊಲಕ್ಕೆ ಹೋದ ದಾರಿ ಶಾಲೆಯ ಅಂಗಳಕ್ಕೂ ಹೋಗಬೇಕಲ್ಲವೇ? ಆಹಾರ ಮತ್ತು ಪೋಷಣೆಯನ್ನು ಕಲಿಸುವ ವಿಭಾಗಗಳು ನಮ್ಮಲ್ಲಿವೆ, ಕೃಷಿ ವಿಜ್ಞಾನ ಕೇಂದ್ರಗಳೂ ಇವೆ. ಸಿರಿಧಾನ್ಯದ ಬಿಸ್ಕತ್ತನ್ನು ಮೇಳದಲ್ಲಿ ಪ್ರದರ್ಶಿಸಿದಷ್ಟಕ್ಕೆ ಈ ಕೆಲಸ ಮುಗಿಯಿತೆಂದು ಭಾವಿಸಬಾರದು ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಕಾನೂನು ಈಗಾಗಲೇ ಒಂದು ಹೆಜ್ಜೆ ಮುಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ ಅದರ ಸುತ್ತ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆ ಐವತ್ತು ಮೀಟರನ್ನು ಅಳೆದು ನೋಡುವಂತೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರು ಕೇಳಬಹುದು. ಪ್ರತಿವರ್ಷ ಜೂನಿನಲ್ಲಿ ಶಾಲೆ ಆರಂಭವಾದಾಗ ಮಗುವಿನ ಎತ್ತರ, ತೂಕ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿರಿ. ಎತ್ತರಕ್ಕಿಂತ ತೂಕ ಮುಂದೋಡುತ್ತಿದ್ದರೆ ಆ ಪುಸ್ತಕವನ್ನು ಮಕ್ಕಳ ವೈದ್ಯರಿಗೆ ತೋರಿಸಿರಿ. ಮಗುವಿನ ಎದುರಿನಲ್ಲಿ ಮಾತ್ರ ಅದರ ಮೈಯ ವಿಚಾರವನ್ನು ನೆಂಟರಿಷ್ಟರೊಡನೆ ಚರ್ಚಿಸಬೇಡಿರಿ.