ಪೇಟೆಗೆ ಕಿವಿಗೊಟ್ಟು ನಡೆದಾಗ

ನಮ್ಮ ನಡಿಗೆಗೆ ಎರಡೇ ಷರತ್ತು: ಮಾತಾಡಬಾರದು, ಮೊಬೈಲ್ ಹೊರಗೆ ತೆಗೆಯಬಾರದು. ಬೆಂಗಳೂರಿನ ಹಳೇ ಪೇಟೆ ಬೀದಿಗಳಿಗೆ ಆಗಾಗ ಎಂಟು-ಹತ್ತು ಮಂದಿಯನ್ನು ಕರೆದುಕೊಂಡು ಹೋಗುತ್ತೇನೆ. ಕಟ್ಟಡಗಳ ಇತಿಹಾಸ ಹೇಳುವುದಿಲ್ಲ, ಫೋಟೊಗೆಂದು ನಿಲ್ಲಿಸುವುದಿಲ್ಲ. ಸುಮಾರು ಒಂದು ಗಂಟೆ ಕೇಳುತ್ತಾ ನಡೆಯುತ್ತೇವೆ. ಆಮೇಲೆ ಕಾಫಿ ಕುಡಿಯುತ್ತಾ ಯಾರಿಗೆ ಏನು ಕೇಳಿಸಿತು ಎಂದು ಹೇಳಿಕೊಳ್ಳುತ್ತೇವೆ.

ಇಂಥ ನಡಿಗೆಗೆ ಅರವತ್ತು ವರ್ಷಗಳ ಹಿನ್ನೆಲೆ ಇದೆ. 1966ರಲ್ಲಿ ಮ್ಯಾಕ್ಸ್ ನ್ಯೂಹಾಸ್ ಎಂಬ ತಾಳವಾದ್ಯಗಾರ ನ್ಯೂಯಾರ್ಕಿನಲ್ಲಿ ಗೆಳೆಯರ ಕೈಮೇಲೆ ‘ಕೇಳಿ’ ಎಂಬ ಮೊಹರು ಒತ್ತಿ, ತಾನೂ ತುಟಿಪಿಟಕ್ಕೆನ್ನದೆ ಅವರನ್ನು ಬೀದಿಗೆ ಕರೆದೊಯ್ದ. ಕೆನಡಾದ ವ್ಯಾಂಕೂವರ್‌ನಲ್ಲಿ ಸಂಗೀತ ಸಂಯೋಜಕ ಮರ್ರೆ ಶೇಫರ್ ತಂಡ ಇಡೀ ಊರಿನ ಸದ್ದುಗಳನ್ನು ಮುದ್ರಿಸಿಕೊಂಡು 1973ರಲ್ಲಿ ಹೊರತಂದಿತು. ಅದೇ ತಂಡದ ಹಿಲ್ಡೆಗಾರ್ಡ್ ವೆಸ್ಟರ್‌ಕ್ಯಾಂಪ್ 1974ರಲ್ಲಿ ಬರೆದ ಲೇಖನವೇ ನನಗೆ ದಾರಿದೀಪ. ಮೊದಲು ನಿಮ್ಮ ಮೈಯಿಂದ ಹೊರಡುವ ಸದ್ದನ್ನೇ ಕೇಳಿಸಿಕೊಳ್ಳಿ ಎನ್ನುತ್ತಾರೆ ಆಕೆ. ಅತಿ ಮೆಲ್ಲನೆಯದೂ ಕೇಳಿಸಿದರೆ ನೀವು ನಡೆಯುತ್ತಿರುವ ಜಾಗ ಮನುಷ್ಯನ ಅಳತೆಗೆ ತಕ್ಕಂತಿದೆ ಎಂದರ್ಥ.

ಈ ಪರೀಕ್ಷೆಯನ್ನು ನಾನು ಕೆ.ಆರ್. ಮಾರ್ಕೆಟ್ಟಿನ ಮುಂದೆಯೇ ಶುರು ಮಾಡಿಸುತ್ತೇನೆ. ತಲೆಯ ಮೇಲೆ ಫ್ಲೈಓವರ್, ಕೆಳಗೆ ಬಸ್ಸುಗಳು, ಆಟೋಗಳು. ಸ್ವಂತ ಹೆಜ್ಜೆ ಒಬ್ಬರಿಗೂ ಕೇಳಿಸುವುದಿಲ್ಲ. ಅವೆನ್ಯೂ ರಸ್ತೆಯಲ್ಲೂ ಅದೇ ಪಾಡು. ಚಿಕ್ಕಪೇಟೆ ದಾಟಿ ಬಳೇಪೇಟೆಯ ವಾದ್ಯದಂಗಡಿಗಳ ಹತ್ತಿರ ಬರುವಾಗ ಮಾತ್ರ ಗದ್ದಲದೊಳಗಿಂದ ಒಂದು ಸದ್ದು ಬೇರೆಯಾಗಿ ಎದ್ದು ಬರುತ್ತದೆ. ಅಂಗಡಿಯ ಜಗಲಿಯಲ್ಲಿ ಒಬ್ಬರು ಮೃದಂಗಕ್ಕೆ ಶ್ರುತಿ ಕೂಡಿಸುತ್ತಿದ್ದಾರೆ. ಬಲ ಮುಚ್ಚಿಗೆಯ ಅಂಚಿಗೆ ಕಲ್ಲಿನಿಂದ ಟಕ್ ಎಂದು ತಟ್ಟುತ್ತಾರೆ, ಬೆರಳಿಂದ ನುಡಿಸಿ ತಲೆ ವಾಲಿಸಿ ಕೇಳುತ್ತಾರೆ, ಸ್ವಲ್ಪ ತಿರುಗಿಸುತ್ತಾರೆ, ಮತ್ತೆ ಟಕ್. ಮೇಲಿಂದ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿಂದ ತಟ್ಟಿದರೆ ಇಳಿಯುತ್ತದೆ. ಪಕ್ಕದಲ್ಲೇ ಟೆಂಪೊ ಹಾರ್ನ್ ಹೊಡೆಯುತ್ತಿದ್ದರೂ ಅವರ ಕಿವಿ ಆ ಒಂದು ನಾದವನ್ನು ಬಿಟ್ಟು ಕದಲುವುದಿಲ್ಲ. ಏನನ್ನು ಕೇಳಬೇಕೆಂದು ಗೊತ್ತಿರುವವರು ಹೀಗೆ ಕೇಳುತ್ತಾರೆ.

ಅಲ್ಲಿಂದ ಕಬ್ಬನ್‌ಪೇಟೆಯ ಓಣಿಗಳು. ಇಲ್ಲಿ ಹೆಜ್ಜೆ ಕೇಳಿಸುತ್ತದೆ! ಪಾತ್ರೆ ತೊಳೆಯುವುದು, ಕುಕ್ಕರಿನ ಸೀಟಿ, ಮತ್ತೆ ಗೋಡೆಯಾಚೆಯಿಂದ ವಿದ್ಯುತ್ ಮಗ್ಗದ ಖಟಖಟ. ಹೊರಗಿನವರಿಗೆ ಅದು ಒಂದೇ ಏಟಿನ ಸದ್ದು. ಒಳಗೆ ಕೆಲಸ ಮಾಡುವ ಹಿರಿಯರೊಬ್ಬರು ನಮಗೆ ಹೇಳಿದ್ದು: “ಸದ್ದು ಬದಲಾದ್ರೆ ಎಲ್ಲೋ ಎಳೆ ಕಡೀತು ಅಂತ ಲೆಕ್ಕ ಮೇಡಂ, ನೋಡೋದು ಆಮೇಲೆ.” ಹಾಗೆಂದು ಇದನ್ನು ಬರೀ ಸೊಗಸೆಂದು ಹೊಗಳಲಾರೆ. ಐದು ನಿಮಿಷ ನಿಂತು ಹೋಗುವ ನಮಗೆ ಅದು ಲಯ; ದಿನವಿಡೀ ಅದರ ಪಕ್ಕ ನಿಲ್ಲುವವರ ಕಿವಿಯನ್ನು ಅದೇ ಸದ್ದು ಮಂದ ಮಾಡುತ್ತದೆ.

ವ್ಯಾಂಕೂವರ್‌ನ ಸ್ಟಾನ್ಲಿ ಪಾರ್ಕಿನಲ್ಲಿ ರಾತ್ರಿ ಒಂಬತ್ತಕ್ಕೆ ಈಗಲೂ ತೋಪು ಹಾರಿಸುತ್ತಾರೆ. ಊರಿನ ಗುರುತಾದ ಇಂಥ ಸದ್ದುಗಳನ್ನು ಸ್ಮಾರಕಗಳಂತೆ ಕಾಪಾಡಬೇಕೆಂದು ಶೇಫರ್ ವಾದಿಸಿದರು. ನಮ್ಮಲ್ಲಿ ಮಿಲ್ಲಿನ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದ ಮನೆಗಳಿದ್ದವು, ನಮ್ಮದೂ ಅಂಥದ್ದೇ. ಮಿಲ್ಲುಗಳು ಮುಚ್ಚಿದವು, ಸೈರನ್ನೂ ನಿಂತಿತು. ಯಾರಾದರೂ ಅದನ್ನು ಮುದ್ರಿಸಿ ಇಟ್ಟಿದ್ದರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಕಬ್ಬನ್‌ಪೇಟೆಯಲ್ಲೂ ಈಗ ಮಗ್ಗಗಳು ಕಡಿಮೆಯಾಗುತ್ತಿವೆ.

ಶಬ್ದಮಾಲಿನ್ಯ ತಡೆಯಲು 2000ರಲ್ಲಿ ನಿಯಮ ಬಂತು. ಹಗಲಿನಲ್ಲಿ ವಸತಿ ಪ್ರದೇಶಕ್ಕೆ 55 ಡೆಸಿಬಲ್, ವ್ಯಾಪಾರದ ಬೀದಿಗೆ 65, ಆಸ್ಪತ್ರೆ-ಶಾಲೆಗಳ ಸುತ್ತ ನೂರು ಮೀಟರಿನ ಮೌನವಲಯಕ್ಕೆ 50. ನಿಯಮ ಬೇಕೇ ಬೇಕು. ಆದರೆ ಡೆಸಿಬಲ್ ಅಳೆಯುವ ಮೀಟರು ಸದ್ದು ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಹೇಳಬೇಕಾದವರು ಆ ಬೀದಿಯಲ್ಲಿ ಬಾಳುವವರು.

ಶೇಫರ್ ಹುಟ್ಟಿದ ಜುಲೈ 18 ಈಗ ವಿಶ್ವ ಆಲಿಸುವ ದಿನ. ಅಲ್ಲಿಯವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಹಾಲು ತರಲು ಹೋಗುವಾಗ ಇಯರ್‌ಫೋನ್ ಮನೆಯಲ್ಲೇ ಬಿಟ್ಟು ನಡೆಯಿರಿ. ಹೆಜ್ಜೆ ಎಲ್ಲಿ ಕೇಳಿಸದಾಯಿತು ಎಂದು ಗುರುತು ಹಾಕಿಕೊಂಡು, ಮುಂದಿನ ವಾರ್ಡ್ ಸಭೆಯಲ್ಲಿ ಅದನ್ನೂ ಒಂದು ದೂರಾಗಿ ಬರೆಸಿ.