ಮಳೆಯಲ್ಲಿ ನಡುಗಿದ ಡೈನೋಸಾರ್

ನಮ್ಮ ವಿಜ್ಞಾನ ಸಂಘದವರು ‘ಜುರಾಸಿಕ್ ಪಾರ್ಕ್’ ಸಿನಿಮಾ ತೋರಿಸಿದ ಮೇಲೆ ನಾನು ಎಲ್ಲರ ಬಾಯಲ್ಲೂ ಕೇಳಿದ್ದು ಒಂದೇ ಮಾತು: “ಅದೆಲ್ಲಾ ಕಂಪ್ಯೂಟರ್‌ನಲ್ಲಿ ಮಾಡಿದ್ದು ಕಣೋ.” ಈ ಮಾತು ಅರ್ಧ ಕೂಡ ನಿಜ ಅಲ್ಲ. ಮಿಕ್ಕದ್ದನ್ನು ಮಾಡಿದ್ದು ಜೇಡಿಮಣ್ಣು, ರಬ್ಬರು, ಕಬ್ಬಿಣ, ಎಣ್ಣೆ, ಒಂದು ಗಿಟಾರ್ ತಂತಿ ಮತ್ತು ಬೆನ್ನು ಬಗ್ಗಿಸಿ ದುಡಿದ ಮನುಷ್ಯರು. ಅದು ಹೇಗೆ ಅಂತ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಈ ಅಮೆರಿಕದ ಚಿತ್ರ ಬಿಡುಗಡೆಯಾದದ್ದು 1993ರಲ್ಲಿ. ಒಟ್ಟು 2 ಗಂಟೆ 7 ನಿಮಿಷದ ಸಿನಿಮಾ. ಅದರಲ್ಲಿ ಡೈನೋಸಾರ್‌ಗಳು ನಮ್ಮ ಕಣ್ಣಿಗೆ ಬೀಳುವುದು ಎಲ್ಲಾ ಸೇರಿ ಸುಮಾರು 15 ನಿಮಿಷ ಅಷ್ಟೇ! ಈ 15ರಲ್ಲಿ ಸುಮಾರು 9 ನಿಮಿಷ ಕೈಯಿಂದ ಮಾಡಿದ ಬೊಂಬೆ ಮತ್ತು ಯಂತ್ರಗಳದ್ದು. ಕಂಪ್ಯೂಟರ್‌ನ ಪಾಲು ಸುಮಾರು 6 ನಿಮಿಷ.

ಮೊದಲು ದೊಡ್ಡವನ ವಿಷಯಕ್ಕೆ ಬರೋಣ. ಟಿರನೋಸಾರಸ್ ರೆಕ್ಸ್, ಅಂದರೆ ಟಿ. ರೆಕ್ಸ್. ಇದನ್ನು ಕಟ್ಟಿದವರು ಸ್ಟಾನ್ ವಿನ್‌ಸ್ಟನ್ ಎಂಬ ಕುಶಲಿ ಮತ್ತು ಅವರ ಕಾರ್ಖಾನೆಯವರು. ಮೊದಲು ಚಿಕ್ಕ ಮೂರ್ತಿ ಮಾಡಿದರು. ಆಮೇಲೆ ನಿಜ ಗಾತ್ರದಲ್ಲೇ ಜೇಡಿಮಣ್ಣಿನಲ್ಲಿ ತಿದ್ದಿ, ಅಚ್ಚು ತೆಗೆದು, ಸ್ಪಂಜಿನಂಥ ರಬ್ಬರಿನಲ್ಲಿ ಚರ್ಮ ಎರಕ ಹೊಯ್ದರು. ಉದ್ದ ಸುಮಾರು 40 ಅಡಿ, ಅಂದರೆ ನಮ್ಮ ಎರಡು ಕ್ಲಾಸ್ ರೂಮು ಸೇರಿಸಿದಷ್ಟು. ಎತ್ತರ ಸುಮಾರು 20 ಅಡಿ. ತೂಕ ಹಲವು ಟನ್.

ಇಷ್ಟು ಭಾರದ್ದನ್ನು ಅಲ್ಲಾಡಿಸುವುದು ಹೇಗೆ? ಜೆಸಿಬಿಯ ತೋಳು ಏಳುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಕೊಳವೆಯೊಳಗೆ ಎಣ್ಣೆಯನ್ನು ಒತ್ತಡದಿಂದ ನೂಕಿದರೆ ದಂಡ ಮುಂದಕ್ಕೆ ಬರುತ್ತದೆ, ದಂಡದ ಜೊತೆ ಕುತ್ತಿಗೆ ಏಳುತ್ತದೆ. ಆದರೆ ಜೆಸಿಬಿ ಥರ ಗಡಕ್ ಅಂತ ಎದ್ದರೆ ಯಾರು ನಂಬುತ್ತಾರೆ? ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಅದೇ ಡೈನೋಸಾರ್‌ನ ಒಂದು ಚಿಕ್ಕ ರೂಪ ಮಾಡಿ, ಅದರ ಕೀಲುಗಳಿಗೆಲ್ಲ ವೈರು ಜೋಡಿಸಿದರು. ಚಿಕ್ಕದರ ತಲೆಯನ್ನು ಒಬ್ಬ ಕೈಯಲ್ಲಿ ತಿರುಗಿಸಿದರೆ ದೊಡ್ಡದೂ ಹಾಗೇ ತಲೆ ತಿರುಗಿಸುತ್ತಿತ್ತು. ಮಗು ಹಿಡಿದು ಆಡುವಂಥದ್ದು ಆನೆಯನ್ನು ಕುಣಿಸಿದ ಹಾಗೆ!

ಇಷ್ಟೆಲ್ಲ ಮಾಡಿದ ಮೇಲೆ ಮಳೆ ಬಂತು ನೋಡಿ. ಟಿ. ರೆಕ್ಸ್ ಕಾರಿನ ಮೇಲೆ ಬೀಳುವ ದೃಶ್ಯ ಸ್ಟುಡಿಯೋ ಒಳಗೇ ತೆಗೆದದ್ದು, ಮಳೆಯೂ ಪೈಪಿನದೇ. ಆ ಸ್ಪಂಜು ಚರ್ಮ ನೀರು ಕುಡಿಯತೊಡಗಿತು. ಮಳೆಯಲ್ಲಿ ನೆಂದ ಕಂಬಳಿ ಎಷ್ಟು ಭಾರ ಅಂತ ಕುರಿ ಕಾಯೋರಿಗೆ ಗೊತ್ತು. ಲೆಕ್ಕ ಹಾಕಿದ್ದ ತೂಕ ತಪ್ಪಿತು. ಒಣಗಿದ್ದಾಗಿನ ತೂಕಕ್ಕೆ ಹೊಂದಿಸಿದ್ದ ಯಂತ್ರ ತಡೆಯಲಾರದೆ ಒದ್ದಾಡಿತು. ಜಗತ್ತನ್ನೇ ಹೆದರಿಸಬೇಕಾದ ಪ್ರಾಣಿ ಚಳಿಜ್ವರ ಬಂದ ಹಾಗೆ ಗಡಗಡ ನಡುಗಲು ಶುರು ಮಾಡಿತು! ಪ್ರತಿಸಲ ನಿಲ್ಲಿಸಿ, ಟವೆಲ್ಲು ಹಿಡಿದು ಅದರ ಮೈ ಒರೆಸಿ ಒಣಗಿಸಿ, ಮತ್ತೆ ಚಿತ್ರೀಕರಣ ಮಾಡಬೇಕಾಯಿತು. ಅಂಥ ರಾಕ್ಷಸನಿಗೆ ಮೈ ಒರೆಸುವವರನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತೆ.

ಅಡುಗೆಮನೆಯಲ್ಲಿ ಮಕ್ಕಳನ್ನು ಹುಡುಕುವ ಆ ಚಿಕ್ಕ ಡೈನೋಸಾರ್‌ಗಳಿವೆಯಲ್ಲ, ಕೆಲವು ದೃಶ್ಯಗಳಲ್ಲಿ ಅದರ ವೇಷದೊಳಗೆ ಮನುಷ್ಯನೇ ಇದ್ದಾನೆ. ನಮ್ಮ ಕಡೆ ಹುಲಿವೇಷ ಹಾಕಿದ ಹಾಗೆ. ಸೊಂಟದಿಂದ ಪೂರ್ತಿ ಮುಂದಕ್ಕೆ ಬಗ್ಗಿ ನಿಲ್ಲಬೇಕಾದ್ದರಿಂದ ಬಹಳ ಹೊತ್ತು ಒಳಗಿರಲು ಆಗುತ್ತಿರಲಿಲ್ಲವಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀರಿನ ಲೋಟ. ಟಿ. ರೆಕ್ಸ್ ಬರುವ ಮುಂಚೆ ಕಾರಿನೊಳಗೆ ಇಟ್ಟ ಲೋಟದ ನೀರಿನಲ್ಲಿ ಉಂಗುರ ಉಂಗುರವಾಗಿ ಅಲೆ ಏಳುತ್ತದೆ. ಡೈನೋಸಾರ್ ಇನ್ನೂ ಕಾಣಿಸಿಯೇ ಇಲ್ಲ, ನಮ್ಮ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಕಾರಿನಲ್ಲಿ ಜೋರಾಗಿ ಹಾಡು ಹಾಕಿದಾಗ ಕನ್ನಡಿ ಅದುರಿದ್ದನ್ನು ನೋಡಿ ಸ್ಪೀಲ್‌ಬರ್ಗ್‌ಗೆ ಇದು ಹೊಳೆಯಿತಂತೆ. ಆದರೆ ಮಾಡಿಕೊಡಬೇಕಾದವರು ಮೈಕೆಲ್ ಲ್ಯಾಂಟಿಯೆರಿ. ಸುಲಭ ಅಂದುಕೊಂಡರೆ ಅದು ಸುಲಭ ಇರಲಿಲ್ಲ. ಕಾರನ್ನು ಕುಟ್ಟಿದರೆ ನೀರು ಅಡ್ಡಾದಿಡ್ಡಿ ತುಳುಕುತ್ತದೆ, ಉಂಗುರ ಬರುವುದಿಲ್ಲ. ಕೊನೆಗೆ ಗಿಟಾರಿನ ಮೇಲೆ ಲೋಟ ಇಟ್ಟು ತಂತಿ ಮೀಟಿದಾಗ ಉಂಗುರ ಬಂತು! ಹಾಗಾಗಿ ಕಾರಿನೊಳಗಿಂದ ನೆಲದವರೆಗೆ ಗಿಟಾರ್ ತಂತಿ ಬಿಗಿದು, ಕೆಳಗೆ ಒಬ್ಬನನ್ನು ಮಲಗಿಸಿ ಮೀಟಿಸಿದರು. ಕಂಪ್ಯೂಟರ್ ಇಲ್ಲ, ಕರೆಂಟೂ ಇಲ್ಲ.

ಇದನ್ನು ನಾನೂ ನನ್ನ ಗೆಳೆಯನೂ ಮಾಡಿ ನೋಡಿದೆವು. ಹಣ್ಣಿನ ಪೆಟ್ಟಿಗೆಯ ತೆಳು ಹಲಗೆ ತೆಗೆದುಕೊಳ್ಳಿ. ಎರಡು ತುದಿಗೂ ಮೊಳೆ ಹೊಡೆದು ಸಣ್ಣ ತಂತಿ ಬಿಗಿಯಿರಿ. ತಂತಿಯ ಕೆಳಗೆ ಎರಡೂ ಕಡೆ ಪೆನ್ಸಿಲ್ ತುಂಡು ಸಿಕ್ಕಿಸಿದರೆ ಇನ್ನೂ ಬಿಗಿಯಾಗುತ್ತದೆ. ಪಕ್ಕದಲ್ಲಿ ತೆಳು ಪ್ಲಾಸ್ಟಿಕ್ ಲೋಟದಲ್ಲಿ ನೀರು ಇಡಿ. ಹಲಗೆ ಕುಟ್ಟಿದರೆ ನೀರು ತುಳುಕುತ್ತದೆ. ತಂತಿ ಮೀಟಿದರೆ ಅಂಚಿನಿಂದ ನಡುವಿಗೆ ಸಣ್ಣ ಉಂಗುರಗಳು ಬರುತ್ತವೆ. ತಂತಿ ಒಂದೇ ಸಮನೆ ವೇಗವಾಗಿ ಕಂಪಿಸುತ್ತದೆ, ಆ ಕಂಪನ ಹಲಗೆಯಿಂದ ಲೋಟದ ಗೋಡೆಗೆ ಸುತ್ತಲೂ ಹೋಗುತ್ತದೆ, ಅದಕ್ಕೇ ಹೀಗೆ. (ಬರಿಗೈಲಿ ಮೀಟಬೇಡಿ, ಬೆರಳು ಕುಯ್ಯುತ್ತೆ.)

ಹಾಗಾದರೆ ಕಂಪ್ಯೂಟರ್ ಎಲ್ಲಿ ಬಂತು? ಅಲ್ಲೊಂದು ದೊಡ್ಡ ಕಥೆಯೇ ಇದೆ.

ಸಿನಿಮಾ ಎಂದರೆ ಒಂದು ಸೆಕೆಂಡಿಗೆ 24 ಸ್ಥಿರಚಿತ್ರ. ಒಂದು ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ತೆಗೆದರೆ ಓಡಿಸುವಾಗ ಬೊಂಬೆಗೆ ಜೀವ ಬರುತ್ತದೆ. 1933ರ ‘ಕಿಂಗ್ ಕಾಂಗ್’ ಗೊರಿಲ್ಲಾ ನಡೆದದ್ದು ಹೀಗೇ. ಇದರಲ್ಲಿ ಒಂದು ದೋಷ ಇದೆ. ಓಡುವ ಸೈಕಲ್ಲಿನ ಫೋಟೋ ತೆಗೆದರೆ ಚಕ್ರದ ಕಡ್ಡಿಗಳು ಮಸುಕಾಗಿ ಬೀಳುತ್ತವೆ, ಅಲ್ವಾ? ಆ ಮಸುಕೇ ನಮ್ಮ ಕಣ್ಣಿಗೆ ವೇಗ. ಬೊಂಬೆ ಫೋಟೋ ತೆಗೆಯುವಾಗ ಅಲ್ಲಾಡದೆ ನಿಂತಿರುವುದರಿಂದ ಪ್ರತಿ ಚಿತ್ರವೂ ಸ್ಪಷ್ಟ. ಅದಕ್ಕೇ ನಡಿಗೆ ಕುಕ್ಕಿದಂತೆ ಕಾಣುತ್ತದೆ. ಕ್ಯಾಮೆರಾ ಕಣ್ಣು ತೆರೆದಿರುವಾಗಲೇ ಬೊಂಬೆಯನ್ನು ಕಡ್ಡಿಗಳಿಂದ ಅಲ್ಲಾಡಿಸುವ ವಿಧಾನ ಆಮೇಲೆ ಬಂತು. ಅದಕ್ಕೆ ‘ಗೋ ಮೋಷನ್’ ಎಂದು ಹೆಸರು. ಅದರಲ್ಲಿ ಪಳಗಿದ ಕೈ ಫಿಲ್ ಟಿಪ್ಪೆಟ್ ಅವರದು. ಡೈನೋಸಾರ್ ಪೂರ್ತಿ ಮೈ ಕಾಣುವಂತೆ ಓಡುವ ದೃಶ್ಯಗಳನ್ನು ಮೊದಲು ಒಪ್ಪಿಸಿದ್ದು ಅವರಿಗೇ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಕಂಪನಿಯಲ್ಲಿ ಸ್ಟೀವ್ ವಿಲಿಯಮ್ಸ್ ಎಂಬುವರು, ಯಾರೂ ಹೇಳದೆಯೇ, ಕಂಪ್ಯೂಟರ್‌ನಲ್ಲಿ ಟಿ. ರೆಕ್ಸ್‌ನ ಬರೀ ಎಲುಬುಗೂಡನ್ನು ನಡೆಸಿಬಿಟ್ಟಿದ್ದರು. ಕುಕ್ಕಿಲ್ಲ, ತಡವರಿಕೆ ಇಲ್ಲ. ನೋಡಿದವರು ದಂಗಾದರು. ಗೋ ಮೋಷನ್ ಬೇಡ ಎಂದು ತೀರ್ಮಾನವಾಯಿತು. ವರ್ಷಾನುಗಟ್ಟಲೆ ಕಲಿತ ಕೈಕಸುಬು ಒಂದೇ ದಿನಕ್ಕೆ ಹಳೆಯದಾಯಿತು. ಇನ್ನು ನಾನೂ ಡೈನೋಸಾರ್ ಥರ ಅಳಿದುಹೋದೆ ಎಂಬರ್ಥದ ಮಾತನ್ನು ಟಿಪ್ಪೆಟ್ ಆಡಿದರಂತೆ. ಅದನ್ನು ಸ್ಪೀಲ್‌ಬರ್ಗ್ ಸಿನಿಮಾದ ಸಂಭಾಷಣೆಯಲ್ಲೂ ಸೇರಿಸಿಕೊಂಡರು.

ನಮ್ಮ ಮಾವ ಅಂಗಡಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷೆಲ್ಲ ಅಟ್ಟ ಸೇರಿತು. ಈ ಗೋಡೆಪತ್ರಿಕೆಯ ಮೇಲ್ಗಡೆ ಹೆಸರು ಬರೆದುಕೊಟ್ಟವರು ಅವರೇ. ಆದ್ದರಿಂದ ಟಿಪ್ಪೆಟ್ ಕಥೆ ಓದುವಾಗ ಮುಂದೇನಾಯಿತು ಅಂತ ನನಗೆ ಬಹಳ ಆತಂಕವಾಗಿತ್ತು.

ಆದದ್ದು ಇಷ್ಟು. ಕಂಪ್ಯೂಟರ್ ಹುಡುಗರಿಗೆ ಯಂತ್ರ ಗೊತ್ತಿತ್ತು, ಪ್ರಾಣಿ ಗೊತ್ತಿರಲಿಲ್ಲ. ಭಾರದ ಪ್ರಾಣಿ ಹೆಜ್ಜೆ ಇಟ್ಟಾಗ ಮೈಭಾರ ಯಾವ ಕಾಲಿಗೆ ಹೋಗುತ್ತದೆ, ತಿರುಗುವ ಮುಂಚೆ ತಲೆ ಏನು ಮಾಡುತ್ತದೆ, ಇದೆಲ್ಲ ಬೊಂಬೆ ಆಡಿಸಿದ ಕೈಗೆ ಗೊತ್ತು. (ನಮ್ಮ ಮನೆ ಹುಂಜ ನಡೆಯುವುದನ್ನು ಒಂದು ಗಳಿಗೆ ನೋಡಿ, ಎಷ್ಟು ವಿಷಯ ಇದೆ ಅಂತ ತಿಳಿಯುತ್ತೆ.) ಹೀಗಾಗಿ ಟಿಪ್ಪೆಟ್‌ರನ್ನು ಕಳಿಸಲಿಲ್ಲ, ಡೈನೋಸಾರ್‌ಗಳ ಚಲನೆಗೆ ಮೇಲ್ವಿಚಾರಕರಾಗಿ ಇಟ್ಟುಕೊಂಡರು. ಕಂಪ್ಯೂಟರಿನವರಿಗೆ ಮೂಕಾಭಿನಯದ ಪಾಠ ಆಯಿತು. ತಾವೇ ಡೈನೋಸಾರ್ ಥರ ಓಡಿ, ಅದನ್ನು ಚಿತ್ರ ತೆಗೆದು ನೋಡಿಕೊಂಡರು. ಟಿಪ್ಪೆಟ್ ಜೊತೆಯ ಕ್ರೇಗ್ ಹೇಯ್ಸ್ ಒಂದು ಲೋಹದ ಬೊಂಬೆ ಮಾಡಿದರು. ಅದರ ಕೀಲುಗಳಿಂದ ಕಂಪ್ಯೂಟರ್‌ಗೆ ವೈರು. ಹಳೇ ಕಸುಬಿನವರು ಎಂದಿನಂತೆ ಬೊಂಬೆಯನ್ನು ಕೈಯಿಂದ ಸರಿಸಿದರೆ ಪರದೆಯ ಮೇಲಿನ ಡೈನೋಸಾರ್ ಸರಿಯುತ್ತಿತ್ತು. 1994ರಲ್ಲಿ ವಿಶೇಷ ದೃಶ್ಯಗಳ ಆಸ್ಕರ್ ಬಂದಾಗ ಹೆಸರು ನಾಲ್ಕು: ಕಂಪ್ಯೂಟರ್ ಕೆಲಸದ ಮುಖ್ಯಸ್ಥ ಡೆನ್ನಿಸ್ ಮ್ಯೂರೆನ್, ವಿನ್‌ಸ್ಟನ್, ಲ್ಯಾಂಟಿಯೆರಿ, ಮತ್ತು ಫಿಲ್ ಟಿಪ್ಪೆಟ್!

ಕಂಪ್ಯೂಟರ್ ಕೆಲಸವೂ ಹುಡುಗಾಟ ಅಲ್ಲ. ಚರ್ಮದ ಸುಕ್ಕು, ಬೆಳಕು, ನೆರಳು ಎಲ್ಲಾ ಲೆಕ್ಕ ಹಾಕಿ ಒಂದು ಚಿತ್ರ ಮುಗಿಸಲು ಆಗಿನ ಯಂತ್ರಕ್ಕೆ 2ರಿಂದ 4 ಗಂಟೆ ಬೇಕಿತ್ತು. ಮಳೆಯಲ್ಲಿನ ಟಿ. ರೆಕ್ಸ್‌ಗೆ 6 ಗಂಟೆ. ಈಗ ಗುಣಿಸಿ: 24 ಚಿತ್ರಕ್ಕೆ 144 ಗಂಟೆ. ಒಂದೇ ಯಂತ್ರ ಹಗಲೂ ರಾತ್ರಿ ದುಡಿದರೆ ಆರು ದಿನಕ್ಕೆ ಒಂದು ಸೆಕೆಂಡು ಸಿನಿಮಾ.

ಯಾವುದು ಬೊಂಬೆ, ಯಾವುದು ಕಂಪ್ಯೂಟರ್ ಅಂತ ಕಂಡುಹಿಡಿಯಲು ಕಾಲು ನೋಡಿ. ಪೂರ್ತಿ ಮೈ ಕಂಡು, ಕಾಲು ನೆಲಕ್ಕಿಟ್ಟು ನಡೆದರೆ ಅಥವಾ ಓಡಿದರೆ ಸಾಮಾನ್ಯವಾಗಿ ಕಂಪ್ಯೂಟರ್. ಬಯಲಲ್ಲಿ ಹಿಂಡುಹಿಂಡಾಗಿ ಓಡುವ ಗ್ಯಾಲಿಮೈಮಸ್‌ಗಳು ಹಾಗೆ ಮಾಡಿದವು. ನಟರು ಬರೀ ಬಯಲಲ್ಲಿ, ಇಲ್ಲದ ಪ್ರಾಣಿಗೆ ಹೆದರಿ ಓಡಿದ್ದರು. ಬರೀ ತಲೆ ಕಾರಿನ ಕಿಟಕಿ ಹತ್ತಿರ ಬಂದರೆ ವಿನ್‌ಸ್ಟನ್ ಅವರ ಯಂತ್ರ. ಕಾಯಿಲೆ ಬಿದ್ದು ಮಲಗಿರುವ ಮೂರು ಕೊಂಬಿನ ಟ್ರೈಸೆರಟಾಪ್ಸ್ ಪೂರ್ತಿ ಬೊಂಬೆ. ನಟರು ಅದರ ಮೈ ಮೇಲೆ ಕೈಯಿಟ್ಟು ಒರಗುತ್ತಾರಲ್ಲ, ನಿಜವಾಗಿ ಮುಟ್ಟಲು ಏನೋ ಒಂದು ಅಲ್ಲಿ ಇದ್ದುದರಿಂದಲೇ ಆ ದೃಶ್ಯ ಅಷ್ಟು ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ.

ಇನ್ನು ಕೂಗು. ಅದು ಗ್ಯಾರಿ ರೈಡ್‌ಸ್ಟ್ರಾಮ್ ಅವರ ಕೆಲಸ. ಟಿ. ರೆಕ್ಸ್ ಗರ್ಜನೆಯಲ್ಲಿ ಮರಿ ಆನೆಯ ಕೂಗು, ಹುಲಿ, ಮೊಸಳೆ ಎಲ್ಲಾ ಬೆರೆತಿವೆ. ಅದು ಗ್ಯಾಲಿಮೈಮಸ್ ಒಂದನ್ನು ಬಾಯಲ್ಲಿ ಕಚ್ಚಿ ಒದರುವಾಗ ಕಣ್ಣು ಮುಚ್ಚಿ ಕೇಳಿ. ಅಲ್ಲಿರುವುದು ರೈಡ್‌ಸ್ಟ್ರಾಮ್ ಸಾಕಿದ್ದ ಪುಟ್ಟ ನಾಯಿ, ಹಗ್ಗದ ಆಟಿಕೆಯನ್ನು ಕಚ್ಚಿ ಎಳೆದಾಡುತ್ತಿರುವ ಸದ್ದು.